ಸತತ ನಾಲ್ಕು ಫೈನಲ್, ಲೀಗ್ ಕಪ್ ಮಾತ್ರ ಒಂದೇ: ರ್ಯುಕ್ಯು ಗೋಲ್ಡನ್ ಕಿಂಗ್ಸ್ ಎಡವುತ್ತಿರುವುದು ಎಲ್ಲಿ?

ಮೂರನೇ ಕ್ವಾರ್ಟರ್ | 28 ಮೇ 2025

ನಿನ್ನೆಯಿಂದ ಮನಸ್ಸಿಗೆ ಸಮಾಧಾನವಿಲ್ಲ. ಜಪಾನಿನ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಬಿ.ಲೀಗ್‌ನ ಫೈನಲ್‌ನ ನಿರ್ಣಾಯಕ ಮೂರನೇ ಪಂದ್ಯದಲ್ಲಿ ಉತ್ಸುನೊಮಿಯಾ ಬ್ರೆಕ್ಸ್ 73, ಓಕಿನಾವಾ ದ್ವೀಪದ ರ್ಯುಕ್ಯು ಗೋಲ್ಡನ್ ಕಿಂಗ್ಸ್ 71. ಇನ್ನೊಂದು ಎಸೆತ ಬುಟ್ಟಿಗೆ ಬಿದ್ದಿದ್ದರೆ ಕಥೆಯೇ ಬೇರೆ.

ನಾಲ್ಕು ವರ್ಷಗಳ ಲೆಕ್ಕ ನೋಡಿ. 2022ರಲ್ಲಿ ಇದೇ ಬ್ರೆಕ್ಸ್ ಎದುರು ಎರಡೂ ಪಂದ್ಯ ಸೋಲು. 2023ರಲ್ಲಿ ಚಿಬಾ ಜೆಟ್ಸ್ ತಂಡವನ್ನು ಎರಡಕ್ಕೆರಡು ಮಣಿಸಿ ಚಾಂಪಿಯನ್. 2024ರಲ್ಲಿ ಹಿರೋಶಿಮಾ ಡ್ರ್ಯಾಗನ್‌ಫ್ಲೈಸ್ ವಿರುದ್ಧ ಮೊದಲ ಪಂದ್ಯ ಗೆದ್ದು, ಉಳಿದೆರಡನ್ನೂ ಕೈಬಿಟ್ಟರು. ಈಗ ಇದು. ನಾಲ್ಕು ಸಲವೂ ಕೋಚ್ ಒಬ್ಬರೇ, ಓಕೆತಾನಿ ದಾಯ್.

ಫೈನಲ್ ತಲುಪುವುದೇ ದೊಡ್ಡದು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಜಾಕ್ ಕೂಲಿ, ಅಲೆಕ್ಸ್ ಕರ್ಕ್ ಇಬ್ಬರೂ ಒಟ್ಟಿಗೆ ಇರುವ ತಂಡಕ್ಕೆ ರಿಬೌಂಡ್‌ನಲ್ಲಿ, ಅಂದರೆ ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವುದರಲ್ಲಿ, ಸರಿಸಾಟಿ ಯಾರು? ಅಷ್ಟಿದ್ದೂ ಕೊನೆಯ ಎರಡು ನಿಮಿಷಗಳಲ್ಲಿ ಪಂದ್ಯ ಮುಗಿಸಲು ಬರುವುದಿಲ್ಲ ಎಂದರೆ, ಕೋಚ್ ಬದಲಿಸುವ ಕಾಲ ಬಂದಿದೆ ಎಂದು ನನ್ನ ವಾದ. ನಿಮಗೇನನ್ನಿಸುತ್ತದೆ?

ಕಡಲೂರಿನವ | 28 ಮೇ

ಒಂದು ಸಲವೂ ಫೈನಲ್ ಕಾಣದ ತಂಡದ ಅಭಿಮಾನಿಯನ್ನು ಕೇಳಿ ನೋಡಿ, ಉತ್ತರ ಸಿಗುತ್ತದೆ.

ಹಳೆಯ ಅಂಕಣ | 28 ಮೇ

ಮೂರನೇ ಕ್ವಾರ್ಟರ್ ಅವರೇ, ಓಕೆತಾನಿ ಅವರನ್ನು ಕಳಿಸಬೇಕು ಎನ್ನುವ ಮೊದಲು ಈ ತಂಡ ಎಲ್ಲಿಂದ ಬಂತು ಎಂದು ನೆನಪಿಸಿಕೊಳ್ಳೋಣ.

ಕಿಂಗ್ಸ್ 2007ರಲ್ಲಿ ಬಿ.ಲೀಗ್‌ಗೂ ಮೊದಲಿದ್ದ ಬಿಜೆ ಲೀಗ್ ಸೇರಿತು. ಮೊದಲ ವರ್ಷ 10 ಗೆಲುವು, 34 ಸೋಲು. ಪಶ್ಚಿಮ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನ. ಆ ಸೋಲಿನ ಬೆನ್ನಲ್ಲೇ ಕೋಚ್ ಆಗಿ ಬಂದವರು ಇದೇ ಓಕೆತಾನಿ. ಮರುವರ್ಷವೇ ತಂಡ ಚಾಂಪಿಯನ್ ಆಯಿತು! 2009ರ ಆ ಫೈನಲ್‌ನಲ್ಲಿ ಎದುರಾಳಿ ಟೋಕಿಯೊ ಅಪಾಚೆ, ಅವರ ಕೋಚ್ ಕೋಬಿ ಬ್ರಯಂಟ್ ಅವರ ತಂದೆ ಜೋ ಬ್ರಯಂಟ್. 2012ರಲ್ಲಿ ಓಕೆತಾನಿ ಇನ್ನೊಂದು ಕಪ್ ತಂದರು, ಹೊರಗೆ ಹೋಗಿ ಬೇರೆ ತಂಡಗಳನ್ನು ನಡೆಸಿ 2021ರಲ್ಲಿ ಮರಳಿದರು. ಮರಳಿದ ಮೇಲೆ ಒಂದು ವರ್ಷವೂ ಫೈನಲ್ ತಪ್ಪಿಲ್ಲ. ಇಂಥವರನ್ನು ಎರಡು ಅಂಕದ ಸೋಲಿಗೆ ಮನೆಗೆ ಕಳಿಸಿದರೆ ಅದಕ್ಕಿಂತ ದುಡುಕು ಬೇರೆ ಇಲ್ಲ.

ಎಡಗೈ ಲೇಅಪ್ | 28 ಮೇ

ಲೀಗ್ ಬಿಟ್ಟು ಬೇರೆಯಾಗಿ ನಡೆಯುವ ರಾಷ್ಟ್ರೀಯ ಕೂಟ, ಸಾಮ್ರಾಟರ ಕಪ್ ಎಲ್ಲಿ ಹೋಯಿತು? ಇದೇ ಮಾರ್ಚ್‌ನಲ್ಲಿ ಆಲ್ವಾರ್ಕ್ ಟೋಕಿಯೊ ತಂಡವನ್ನು ಸೋಲಿಸಿ ಅದನ್ನು ಗೆದ್ದಿದ್ದಾರೆ, ಕ್ಲಬ್‌ನ ಇತಿಹಾಸದಲ್ಲಿ ಮೊದಲ ಸಲ. ಅದಕ್ಕೂ ಮುಂಚೆ 2023, 2024 ಎರಡೂ ವರ್ಷ ಆ ಕಪ್‌ನ ಫೈನಲ್‌ನಲ್ಲಿ ಚಿಬಾ ಎದುರು ಸೋತಿದ್ದರು. 2024ರ ಅಂಕಪಟ್ಟಿ 117–69, ನೋಡಲಾಗದಂತಹ ಸೋಲು. ಅಲ್ಲಿಂದ ಒಂದೇ ವರ್ಷದಲ್ಲಿ ಎದ್ದು ನಿಂತವರು ಕೊನೆಯ ಹಂತದಲ್ಲಿ ಕೈಚೆಲ್ಲುತ್ತಾರೆ ಎಂಬ ಮಾತು ನಿಲ್ಲುವುದಿಲ್ಲ.

ಮೂರನೇ ಕ್ವಾರ್ಟರ್ | 28 ಮೇ

ನಾನು ಕೇಳುತ್ತಿರುವುದು ಲೀಗ್ ಬಗ್ಗೆ. ಅರವತ್ತು ಪಂದ್ಯ ಆಡಿ, ಪ್ಲೇಆಫ್ ದಾಟಿ ಬರುವ ಕಪ್ಪಿನ ತೂಕವೇ ಬೇರೆ.

ಹದಿನಾಲ್ಕನೇ ನಂಬರ್ | 28 ಮೇ

ಕೋಚ್ ಬಗ್ಗೆ ಇಷ್ಟು ಮಾತನಾಡುತ್ತಿದ್ದೀರಿ, ಕಿಶಿಮೊತೊ ರ್ಯುಯಿಚಿ ಆಡಲಿಲ್ಲ ಎಂಬುದನ್ನು ಒಬ್ಬರೂ ಹೇಳಲಿಲ್ಲವಲ್ಲ! ಪಾದದ ಮೂಳೆ ಮುರಿದು ಋತುವಿನ ಕೊನೆಯಲ್ಲಿ ಹೊರಗುಳಿದರು. ಪಂದ್ಯ ಎರಡು ಅಂಕದ ಅಂತರದಲ್ಲಿ ತೂಗಾಡುವಾಗ ಚೆಂಡು ಯಾರ ಕೈಯಲ್ಲಿರಬೇಕು ಎಂದು ಓಕಿನಾವಾದಲ್ಲಿ ಯಾರನ್ನು ಕೇಳಿದರೂ ಆ ಹೆಸರನ್ನೇ ಹೇಳುತ್ತಾರೆ.

ಅವರು ದ್ವೀಪದ ಉತ್ತರ ಭಾಗದ ನಾಗೊ ಊರಿನವರು. ವಿಶ್ವವಿದ್ಯಾಲಯ ಮುಗಿಸಿ ಕಿಂಗ್ಸ್ ಸೇರಿದವರು ಇವತ್ತಿನವರೆಗೆ ಬೇರೆ ತಂಡದ ಅಂಗಿ ತೊಟ್ಟಿಲ್ಲ. ತ್ರೀ ಪಾಯಿಂಟ್ ಗೆರೆಗಿಂತ ಎರಡು ಹೆಜ್ಜೆ ಹಿಂದಿನಿಂದ, ಎದುರಾಳಿ ಇನ್ನೂ ಕೈ ಎತ್ತುವ ಮೊದಲೇ ಎಸೆಯುತ್ತಾರೆ. ಬೇರೆಯವರು ಎಸೆದರೆ ಕೋಚ್ ಬೆಂಚಿಗೆ ಕರೆಯುವಂತಹ ದೂರ ಅದು. ಸೋತದ್ದು ಎಲ್ಲಿ ಎಂಬುದಕ್ಕೆ ನನ್ನ ಉತ್ತರ ಇಷ್ಟೇ.

ತೊಚಿಗಿಯಿಂದ | 28 ಮೇ

ನಾನು ಕೆಲಸದ ನಿಮಿತ್ತ ಉತ್ಸುನೊಮಿಯಾದ ಹತ್ತಿರ ನೆಲೆಸಿರುವವನು, ಬ್ರೆಕ್ಸ್ ಅಭಿಮಾನಿ. ಗೆದ್ದ ತಂಡದ ಬಗ್ಗೆಯೂ ಒಂದು ಮಾತು ಇರಲಿ.

ನಮ್ಮ ಕೋಚ್ ಕೆವಿನ್ ಬ್ರಾಸ್‌ವೆಲ್ ಋತುವಿನ ನಡುವೆಯೇ ಕಾಯಿಲೆ ಬಿದ್ದು ಫೆಬ್ರವರಿ 24ರಂದು ತೀರಿಕೊಂಡರು. ಸಹಾಯಕ ಕೋಚ್ ಜೀಕೊ ಕೊರೊನೆಲ್ ಹೊಣೆ ಹೊತ್ತರು. ಆಟಗಾರರು ಆ ದುಃಖವನ್ನು ಹೊತ್ತುಕೊಂಡೇ ಮೂರು ತಿಂಗಳು ಆಡಿ ಕಪ್ ಗೆದ್ದರು. ಇಲ್ಲಿ ಆ ವಾರ ಅಂಗಡಿಗಳಲ್ಲಿ, ರೈಲು ನಿಲ್ದಾಣದಲ್ಲಿ ಬೇರೆ ಮಾತೇ ಇರಲಿಲ್ಲ. ಕಿಂಗ್ಸ್ ಏಕೆ ಸೋತಿತು ಎಂದು ಹುಡುಕುವಾಗ, ಎದುರಿಗೆ ನಿಂತವರು ಎಂಥವರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಳೆಯ ಅಂಕಣ | 28 ಮೇ

ತೊಚಿಗಿಯವರೇ, ನಿಮಗೆ ಅಭಿನಂದನೆಗಳು. ಬ್ರಾಸ್‌ವೆಲ್ ಅವರ ಸುದ್ದಿ ಓದಿದ ದಿನ ನಾವೂ ಮರುಗಿದೆವು. ಜಪಾನಿನಿಂದ ಅಮೆರಿಕದ ಎನ್‌ಬಿಎ ಲೀಗ್‌ನ ಅಂಕಣಕ್ಕೆ ಮೊದಲು ಕಾಲಿಟ್ಟ ತಾಬುಸೆ ಯುತಾ 2008ರಿಂದ ಇರುವುದೂ ನಿಮ್ಮ ತಂಡದಲ್ಲೇ ಅಲ್ಲವೇ?

ತೊಚಿಗಿಯಿಂದ | 28 ಮೇ

ಹೌದು. 1980ರಲ್ಲಿ ಹುಟ್ಟಿದವರು, ಇನ್ನೂ ತಂಡದ ಪಟ್ಟಿಯಲ್ಲಿದ್ದಾರೆ.

ನೇರಮಾತು | 29 ಮೇ

ಎಲ್ಲರೂ ದ್ವೀಪ, ಊರು, ಅಭಿಮಾನ ಎನ್ನುತ್ತಿದ್ದೀರಿ. ಅಂಕ ಗಳಿಸುವವರು, ರಿಬೌಂಡ್ ಹಿಡಿಯುವವರು ಅಮೆರಿಕದವರು. ಮೂವರು ವಿದೇಶಿಯರು ಅಂಕಣದಲ್ಲಿ ಓಡಾಡುವ ತಂಡ ಓಕಿನಾವಾದ ತಂಡ ಹೇಗಾಗುತ್ತದೆ? ಹಣವಿದ್ದವರು ಎತ್ತರದವರನ್ನು ಕೊಳ್ಳುತ್ತಾರೆ, ಅಷ್ಟೇ.

ಎಡಗೈ ಲೇಅಪ್ | 29 ಮೇ

ನಿಯಮ ಹಾಗಿಲ್ಲ. ಒಂದು ಪಂದ್ಯಕ್ಕೆ ಮೂವರು ವಿದೇಶಿಯರನ್ನು ಹೆಸರಿಸಬಹುದು, ಅಂಕಣದಲ್ಲಿ ಒಂದು ಹೊತ್ತಿಗೆ ಇಬ್ಬರಿಗಷ್ಟೇ ಅವಕಾಶ. ಇವರ ಹೊರತಾಗಿ ಜಪಾನಿನ ಪೌರತ್ವ ಪಡೆದ ಒಬ್ಬರು ಅಥವಾ ಏಷ್ಯಾ ಕೋಟಾದ ಒಬ್ಬರು ಆಡಬಹುದು. ಕರ್ಕ್ ಪೌರತ್ವ ಪಡೆದವರು. ಏಷ್ಯಾ ಕೋಟಾ ಬಂದದ್ದು 2020ರಲ್ಲಿ. ಫಿಲಿಪ್ಪೀನ್ಸ್‌ನ ಹುಡುಗರು ಸಾಲುಸಾಲಾಗಿ ಜಪಾನಿಗೆ ಬಂದದ್ದು ಆ ಬಾಗಿಲಿನಿಂದ. ಮೊದಲು ಬಂದವರು ತರ್ಡಿ ರವೇನಾ, ಸಾನ್‌ಎನ್ ನಿಯೋಫೀನಿಕ್ಸ್ ತಂಡಕ್ಕೆ. ಈ ನಿಯಮ ಎಲ್ಲ ತಂಡಗಳಿಗೂ ಒಂದೇ. ಕಿಂಗ್ಸ್‌ಗೆ ಮಾತ್ರ ವಿಶೇಷ ಸವಲತ್ತು ಏನೂ ಇಲ್ಲ.

ನೇರಮಾತು | 29 ಮೇ

ಎಲ್ಲರಿಗೂ ಒಂದೇ ಎಂದ ಮಾತ್ರಕ್ಕೆ ಅದು ಸರಿಯಾದ ನಿಯಮ ಆಗುವುದಿಲ್ಲ. ಎತ್ತರದ ಜಪಾನಿ ಹುಡುಗನಿಗೆ ಬುಟ್ಟಿಯ ಕೆಳಗೆ ಆಡುವ ಅವಕಾಶ ಎಲ್ಲಿ? ಕ್ಲಬ್‌ಗಳಲ್ಲಿ ಆ ಜಾಗ ಯಾವಾಗಲೂ ಹೊರಗಿನವರಿಗೇ ಮೀಸಲು.

ಹಳೆಯ ಅಂಕಣ | 29 ಮೇ

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ "ಓಕಿನಾವಾದ ತಂಡ ಹೇಗೆ" ಎನ್ನುವುದಕ್ಕೆ ಉತ್ತರವಿದೆ, ಸ್ವಲ್ಪ ಉದ್ದವಾಗುತ್ತದೆ.

ಯುದ್ಧದ ನಂತರ ಓಕಿನಾವಾ 1972ರವರೆಗೆ ಅಮೆರಿಕದ ಆಡಳಿತದಲ್ಲಿತ್ತು. ಸೇನಾನೆಲೆಗಳು ಇವತ್ತಿಗೂ ಇವೆ, ಆ ಹೊರೆಯ ಬಗ್ಗೆ ದ್ವೀಪದವರ ಸಿಟ್ಟೂ ಇವತ್ತಿಗೂ ಇದೆ. ಬ್ಯಾಸ್ಕೆಟ್‌ಬಾಲ್ ಅಲ್ಲಿ ಅಷ್ಟು ಆಳವಾಗಿ ಬೇರೂರಿದ್ದು ಕೂಡ ಆ ನೆಲೆಗಳ ನೆರೆಯಲ್ಲೇ. ಬೇಸರ ಮತ್ತು ಪ್ರೀತಿ ಒಂದೇ ಬೇಲಿಯ ಪಕ್ಕದಲ್ಲಿ ಬೆಳೆದಿವೆ.

1978ರಲ್ಲಿ ದ್ವೀಪದ ಉತ್ತರ ತುದಿಯ ಹೆಂತೊನಾ ಪ್ರೌಢಶಾಲೆಯ ಹುಡುಗರು ಅಖಿಲ ಜಪಾನ್ ಶಾಲಾ ಕೂಟದಲ್ಲಿ ಮೂರನೇ ಸ್ಥಾನ ಪಡೆದರು. ಅದು ಹಳ್ಳಿಯ ಶಾಲೆ. ಎತ್ತರದ ಹುಡುಗರಿರಲಿಲ್ಲ. ಓಡಿ ಓಡಿ, ಎದುರಾಳಿಗೆ ಉಸಿರು ತೆಗೆದುಕೊಳ್ಳಲು ಬಿಡದೆ ಗೆದ್ದರು. ಗಿಡ್ಡವರ ವೇಗದ ಆಟ ಎಂದರೆ ಓಕಿನಾವಾ ಎಂಬ ಮಾತು ದೇಶದಲ್ಲಿ ಹರಡಿತು. ಕಿಶಿಮೊತೊ ಆಡುವ ರೀತಿಯಲ್ಲಿ ನನಗೆ ಆ ಪರಂಪರೆ ಕಾಣಿಸುತ್ತದೆ. ಕೂಲಿ ರಿಬೌಂಡ್ ಹಿಡಿದು ಕೊಟ್ಟ ಚೆಂಡನ್ನು ಮುಂದಕ್ಕೆ ಓಡಿಸುವವರು ದ್ವೀಪದ ಹುಡುಗರು.

ಹೊರಗಿನಿಂದ ಬಂದವರಲ್ಲೂ ಹಲವರು ಹೊರಗಿನವರಾಗಿ ಉಳಿಯಲಿಲ್ಲ. ಆಂಥನಿ ಮೆಕ್‌ಹೆನ್ರಿ ವರ್ಷಗಟ್ಟಲೆ ಆಡಿ ಬಿಜೆ ಲೀಗಿನ ಕಪ್‌ಗಳನ್ನು ಗೆಲ್ಲಿಸಿಕೊಟ್ಟರು. ಅವರನ್ನು ಓಕಿನಾವಾದಲ್ಲಿ ಯಾರೂ ಬಾಡಿಗೆ ಆಟಗಾರ ಎಂದು ಕರೆಯುವುದಿಲ್ಲ.

ಸಂಪಿಗೆ ರಸ್ತೆ | 29 ಮೇ

ಆಡುವ ಸ್ಥಳದ ವಿಷಯ ಕೇಳಬೇಕಿತ್ತು. ಹೊಸ ಅರೇನಾ ಊರಿನೊಳಗೇ ಇದೆಯೇ? ಚಿತ್ರಗಳಲ್ಲಿ ನೋಡಿದರೆ ಎನ್‌ಬಿಎ ಕ್ರೀಡಾಂಗಣದ ಹಾಗಿದೆ.

ನಿಶಿಕಸಾಯ್ ನಿವಾಸಿ | 29 ಮೇ

ಓಕಿನಾವಾ ನಗರದಲ್ಲಿದೆ, ಹಳೆಯ ಹೆಸರು ಕೋಜಾ. ರಾಜಧಾನಿ ನಾಹಾದಲ್ಲಲ್ಲ. ನಗರದ ಹಳೆಯ ಗೂಳಿಕಾಳಗದ ಅಂಗಳವಿದ್ದ ಜಾಗದಲ್ಲಿ ಕಟ್ಟಿದ್ದು. ಅಲ್ಲಿ ಗೂಳಿಯೊಂದಿಗೆ ಗೂಳಿಯೇ ಕಾದಾಡುತ್ತದೆ, ಸ್ಪೇನಿನ ಹಾಗಲ್ಲ. 2021ರಲ್ಲಿ ತೆರೆಯಿತು. ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 8,000 ಆಸನ. ಕಳೆದ ವರ್ಷದಿಂದ ಸಂಟೋರಿ ಕಂಪನಿಯ ಹೆಸರೂ ಸೇರಿಕೊಂಡಿದೆ.

ಕಟ್ಟಿದ ರೀತಿ ನನಗೆ ತುಂಬ ಮೆಚ್ಚುಗೆಯಾಯಿತು. ಜಪಾನಿನಲ್ಲಿ ಹೆಚ್ಚಿನ ತಂಡಗಳು ಬಹಳ ಕಾಲ ಆಡಿದ್ದು ನಗರಸಭೆಯ ವ್ಯಾಯಾಮಶಾಲೆಗಳಲ್ಲಿ. ಆಟಗಾರರಿಗಾಗಿ ಕಟ್ಟಿದ ಜಾಗಗಳು ಅವು, ನೋಡುವವನಿಗಾಗಿ ಕಟ್ಟಿದ್ದಲ್ಲ. ಇಲ್ಲಿ ಕುರ್ಚಿಗಳು ಅಂಕಣದ ಮೇಲೆ ಬಾಗಿದ ಹಾಗೆ ಕಡಿದಾಗಿ ಏರುತ್ತವೆ, ಮೇಲಿನ ಸಾಲಿನಿಂದಲೂ ಆಟಗಾರನ ಬೂಟಿನ ಸದ್ದು ಕೇಳುತ್ತದೆ. ಜೊತೆಗೆ ಓಕಿನಾವಾದವರ ಬೆರಳು ಸೀಟಿ! ಹಬ್ಬದ ಕುಣಿತಕ್ಕೆ ಹಾಕುವ ಅದೇ ಸೀಟಿಯನ್ನು ಬ್ಯಾಸ್ಕೆಟ್ ಬಿದ್ದಾಗಲೂ ಹಾಕುತ್ತಾರೆ. ಅಜ್ಜಿಯರು ಹುಡುಗರಿಗಿಂತ ಜೋರಾಗಿ ಹಾಕುತ್ತಾರೆ.

ಹದಿನಾಲ್ಕನೇ ನಂಬರ್ | 29 ಮೇ

2023ರ ವಿಶ್ವಕಪ್‌ನಲ್ಲಿ ಜಪಾನ್ 98–88ರಿಂದ ಫಿನ್‌ಲ್ಯಾಂಡ್ ತಂಡವನ್ನು ಸೋಲಿಸಿದ್ದು ಇದೇ ಅಂಕಣದಲ್ಲಿ. ವಿಶ್ವಕಪ್‌ನಲ್ಲಿ ಯುರೋಪಿನ ತಂಡದ ಮೇಲೆ ಜಪಾನ್ ಪುರುಷರ ಮೊದಲ ಗೆಲುವು. ನಾಲ್ಕನೇ ಕ್ವಾರ್ಟರ್‌ನಲ್ಲಿ ಕವಾಮುರಾ ಯೂಕಿ, ತೊಮಿನಾಗಾ ಕೆಯ್ಸೆ ಎಸೆದದ್ದೆಲ್ಲ ಬೀಳುತ್ತಿತ್ತು. ಆಮೇಲೆ ವೆನೆಜುವೆಲಾ, ಕೇಪ್ ವರ್ಡಿ ತಂಡಗಳನ್ನೂ ಸೋಲಿಸಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಆ ಸೀಟಿಗಳ ಪಾಲು ಅದರಲ್ಲಿ ಖಂಡಿತ ಇದೆ.

ಕಂಠೀರವ ಗ್ಯಾಲರಿ | 29 ಮೇ

ಆ ತಂಡದ ಕೋಚ್ ಟಾಮ್ ಹೊವಾಸೆ ಅವರನ್ನು ನಾನು ಬೆಂಗಳೂರಿನಲ್ಲಿ ಕಣ್ಣಾರೆ ನೋಡಿದ್ದೇನೆ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಕಂಠೀರವ ಒಳಾಂಗಣದಲ್ಲಿ ನಡೆಯಿತು. ಆಗ ಅವರು ಜಪಾನ್ ಮಹಿಳೆಯರ ಕೋಚ್. ಫೈನಲ್‌ನಲ್ಲಿ ಜಪಾನ್ 74, ಆಸ್ಟ್ರೇಲಿಯಾ 73. ಅಷ್ಟೆತ್ತರದ ಆಸ್ಟ್ರೇಲಿಯಾದವರ ನಡುವೆ ಆ ಹೆಣ್ಣುಮಕ್ಕಳು ಒಂದು ಕ್ಷಣ ನಿಂತಿದ್ದು ನೆನಪಿಲ್ಲ. ಅಮೆರಿಕದವರಾದರೂ ಟೈಂಔಟ್‌ನಲ್ಲಿ ಕೋಚ್ ಗದರುತ್ತಿದ್ದುದು ಜಪಾನಿ ಭಾಷೆಯಲ್ಲೇ. ಅದೇ ಕೂಟದ ಬಿ ವಿಭಾಗದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಗ್ಯಾಲರಿ ಕಂಪಿಸಿತ್ತು.

ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರು. ಜಪಾನ್ ಮಹಿಳೆಯರು ನಾಲ್ಕು ವರ್ಷದ ಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ನಮ್ಮವರಿಗೆ ವರ್ಷವಿಡೀ ಆಡಲು ಗಟ್ಟಿಯಾದ ಒಂದು ಲೀಗ್ ಇವತ್ತಿಗೂ ಇಲ್ಲ.

ಎಡಗೈ ಲೇಅಪ್ | 30 ಮೇ

ಅವರಿಗೂ ಸುಲಭವಾಗಿ ಆಗಲಿಲ್ಲ, ಕಂಠೀರವ ಅವರೇ. ಜಪಾನಿನ ಪುರುಷರಿಗೆ ಎರಡು ಲೀಗ್‌ಗಳಿದ್ದವು: ಕಂಪನಿ ತಂಡಗಳು ತುಂಬಿದ್ದ ಎನ್‌ಬಿಎಲ್, ಊರುಗಳ ತಂಡಗಳಿದ್ದ ಬಿಜೆ ಲೀಗ್. ಇಬ್ಬರೂ ಒಂದಾಗಲು ಒಪ್ಪಲಿಲ್ಲ. ಅಂತಾರಾಷ್ಟ್ರೀಯ ಒಕ್ಕೂಟ ಫೀಬಾ 2014ರ ನವೆಂಬರ್‌ನಲ್ಲಿ ಜಪಾನನ್ನೇ ಅಮಾನತು ಮಾಡಿತು. ಕೊನೆಗೆ ಫುಟ್‌ಬಾಲ್‌ನ ಜೆ.ಲೀಗ್ ಕಟ್ಟಿದ ಕವಾಬುಚಿ ಸಾಬುರೊ ಬಂದು ಎಲ್ಲರನ್ನೂ ಕೂರಿಸಿ, ಒಂದು ದಾರಿಗೆ ತಂದರು. 2015ರಲ್ಲಿ ಅಮಾನತು ತೆರವಾಯಿತು, 2016ರ ಸೆಪ್ಟೆಂಬರ್ 22ರಂದು ಬಿ.ಲೀಗ್ ಆರಂಭ. ಉದ್ಘಾಟನಾ ಪಂದ್ಯಕ್ಕೆ ಕಂಪನಿ ಪರಂಪರೆಯ ಆಲ್ವಾರ್ಕ್, ಎದುರಿಗೆ ಬಿಜೆ ಲೀಗ್‌ನಲ್ಲಿ ನಾಲ್ಕು ಸಲ ಗೆದ್ದಿದ್ದ ಕಿಂಗ್ಸ್. ನೆಲವಿಡೀ ಎಲ್‌ಇಡಿ ಪರದೆ ಹಾಸಿದ ಅಂಕಣ. ಆಲ್ವಾರ್ಕ್ 80–75ರಿಂದ ಗೆದ್ದಿತು, ಆದರೆ ದೇಶಕ್ಕೆ ಕಿಂಗ್ಸ್ ಯಾರು ಎಂದು ಗೊತ್ತಾದದ್ದು ಅವತ್ತು.

ನೇರಮಾತು | 30 ಮೇ

ಊರಿನ ತಂಡಗಳ ಬಗ್ಗೆ ಅಷ್ಟು ಕಾಳಜಿ ಇರುವ ಲೀಗ್ ಮುಂದಿನ ವರ್ಷದಿಂದ ಏನು ಮಾಡಹೊರಟಿದೆ ಎಂದೂ ಹೇಳಿ. 2026ರಿಂದ ಬಿ.ಪ್ರೀಮಿಯರ್. ಗೆದ್ದರೂ ಬಡ್ತಿಯಿಲ್ಲ, ಸೋತರೂ ಹಿಂಬಡ್ತಿಯಿಲ್ಲ. ಸರಾಸರಿ 4,000 ಪ್ರೇಕ್ಷಕರು, 120 ಕೋಟಿ ಯೆನ್ ವರಮಾನ, ನಿಯಮಕ್ಕೆ ತಕ್ಕ ಅರೇನಾ ಇದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. 2024ರಲ್ಲಿ ನಿಮ್ಮ ಕಿಂಗ್ಸ್ ತಂಡವನ್ನು ಸೋಲಿಸಿದ ಹಿರೋಶಿಮಾ 2016ರಲ್ಲಿ ಎರಡನೇ ದರ್ಜೆಯಲ್ಲಿತ್ತು. ಅಂಕಣದಲ್ಲಿ ಗೆದ್ದು 2020ರಲ್ಲಿ ಮೇಲೆ ಬಂದಿತು, ಚಾಂಪಿಯನ್ ಆಯಿತು. ಇನ್ನು ಮುಂದೆ ಅಂಥ ಕಥೆ ಹುಟ್ಟುವುದಿಲ್ಲ.

ತೊಚಿಗಿಯಿಂದ | 30 ಮೇ

ಹಿರೋಶಿಮಾದ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ, ಅದು ಸರಿಯಾದ ಮಾತು.

ಕೆಳಗಿನ ದರ್ಜೆಯವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಷರತ್ತು ಪೂರೈಸಿದ ಕ್ಲಬ್ ಮುಂದಿನ ವರ್ಷಗಳಲ್ಲಿ ಸೇರಬಹುದು. ಹಿಂಬಡ್ತಿಯ ಭಯವಿದ್ದರೆ ನಗರಸಭೆಯಾಗಲಿ ಬ್ಯಾಂಕಾಗಲಿ ಅರೇನಾಕ್ಕೆ ಹಣ ಹಾಕಲು ಹಿಂಜರಿಯುತ್ತದೆ. ಲೀಗ್‌ನವರ ವಾದ ಅದು. ಸಂಬಳಕ್ಕೂ ಮಿತಿ ಬರುತ್ತದೆ, ಒಂದು ತಂಡಕ್ಕೆ 80 ಕೋಟಿ ಯೆನ್. ದೊಡ್ಡ ಕಂಪನಿ ಬೆನ್ನಿಗಿರುವವರು ಬೇಕಾದಷ್ಟು ಸುರಿಯುವುದಕ್ಕೆ ತಡೆ ಬೀಳುತ್ತದೆ. ಕಾರ್ಖಾನೆ ತಂಡವಾಗಿ ಹುಟ್ಟದ ಕಿಂಗ್ಸ್, ಬ್ರೆಕ್ಸ್ ಎರಡಕ್ಕೂ ಇದರಿಂದ ಒಳ್ಳೆಯದೇ.

ನೇರಮಾತು | 30 ಮೇ

ಒಳಗೆ ಕುಳಿತವರಿಗೆ ಒಳ್ಳೆಯದು. ಹೊರಗೆ ನಿಂತ ಊರಿನ ಹುಡುಗನಿಗೆ ತನ್ನ ತಂಡ ಗೆದ್ದದ್ದಕ್ಕೆ ಏನು ಸಿಗುತ್ತದೆ ಎಂದು ನಾನು ಕೇಳುತ್ತಿದ್ದೇನೆ.

ಕಡಲೂರಿನವ | 30 ಮೇ

ಈ ವಿಷಯದಲ್ಲಿ ನೇರಮಾತು ಅವರ ಪರ ನಾನು.

ಸಂಪಿಗೆ ರಸ್ತೆ | 31 ಮೇ

ವಾದದ ನಡುವೆ ನನ್ನದೊಂದು ಸಣ್ಣ ವಿಚಾರ. ಅಕ್ಟೋಬರ್ ನಂತರ ತಂಗಿಯ ಮನೆಗೆ ಟೋಕಿಯೊಗೆ ಹೋಗುವವರಿದ್ದೇವೆ. ಕಿಂಗ್ಸ್ ತವರಿನ ಪಂದ್ಯ ನೋಡಿಬರಲು ಸಾಧ್ಯವೇ? ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು.

ನಿಶಿಕಸಾಯ್ ನಿವಾಸಿ | 31 ಮೇ

ಖಂಡಿತ ಹೋಗಿಬನ್ನಿ ಮೇಡಂ. ಹನೇದಾದಿಂದ ನಾಹಾಕ್ಕೆ ವಿಮಾನದಲ್ಲಿ ಹೆಚ್ಚೆಂದರೆ ಮೂರು ಗಂಟೆ. ನಾಹಾದ ಮೋನೊರೈಲು ಓಕಿನಾವಾ ನಗರದವರೆಗೆ ಹೋಗುವುದಿಲ್ಲ, ಬಸ್ ಹಿಡಿಯಬೇಕು ಅಥವಾ ಕಾರು ಬಾಡಿಗೆಗೆ ಪಡೆಯಬೇಕು. ಪಂದ್ಯಗಳು ಹೆಚ್ಚಾಗಿ ಶನಿವಾರ, ಭಾನುವಾರ ಜೋಡಿಯಾಗಿ ಇರುತ್ತವೆ.

ಊಟದ ವಿಷಯದಲ್ಲಿ ಎಚ್ಚರ. ಓಕಿನಾವಾ ಸೋಬಾದ ಸಾರು ಹಂದಿಮಾಂಸದ್ದು, ಟ್ಯಾಕೊ ರೈಸ್‌ನಲ್ಲಿ ಕೊಚ್ಚಿದ ಮಾಂಸ. ಹಾಗಲಕಾಯಿ ಪಲ್ಯದಂತೆ ಕಾಣುವ ಗೋಯಾ ಚಂಪುರುವಿಗೂ ಮೊಟ್ಟೆ, ಹಂದಿಮಾಂಸ ಹಾಕುತ್ತಾರೆ, ಕೇಳದೆ ತೆಗೆದುಕೊಳ್ಳಬೇಡಿ. ಜೆನ್ಜಾಯ್ ಎಂದು ಕೇಳಿ: ಸಿಹಿ ಕಾಳಿನ ಮೇಲೆ ತುರಿದ ಮಂಜುಗಡ್ಡೆ, ಮಕ್ಕಳಿಗೆ ಇಷ್ಟವಾಗುತ್ತದೆ. ಊಟಕ್ಕೆ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ.

ಮೂರನೇ ಕ್ವಾರ್ಟರ್ | 31 ಮೇ

ಎಲ್ಲವನ್ನೂ ಓದಿದೆ. ಕಿಶಿಮೊತೊ ಇದ್ದಿದ್ದರೆ ಎಂಬ ಮಾತಿಗೆ ಬೆಲೆ ಕೊಡುತ್ತೇನೆ. ಆದರೆ 2024ರಲ್ಲಿ ಅವರು ಇದ್ದರು, ಆಗಲೂ ಹಿರೋಶಿಮಾ ಎದುರು ಕೊನೆಯ ಪಂದ್ಯದಲ್ಲಿ ಗಳಿಸಿದ್ದು 50 ಅಂಕ ಮಾತ್ರ. 2023ರ ಫೈನಲ್‌ನ ಮೊದಲ ಪಂದ್ಯ ನೆನಪಿದೆಯೇ? ಆ ಋತುವಿನಲ್ಲಿ 53 ಗೆದ್ದು 7 ಮಾತ್ರ ಸೋತಿದ್ದ ಚಿಬಾ ವಿರುದ್ಧ, ಎರಡು ಹೆಚ್ಚುವರಿ ಅವಧಿ ಆಡಿ 96–93ರಿಂದ ಗೆದ್ದರು. ಅವತ್ತು ಬೆಂಚಿನಿಂದ ಬಂದವರೂ ಅಂಜದೆ ಎಸೆದರು. ಆ ಧೈರ್ಯ ಆಮೇಲೆ ಕಡಿಮೆಯಾಗಿದೆ. ಚೆಂಡನ್ನು ಒಳಗೆ ಎತ್ತರದವರಿಗೆ ಕೊಟ್ಟು ಕಾಯುತ್ತಾರೆ, ಎದುರಾಳಿ ಒಳಗೆ ಗುಂಪುಗೂಡಿದಾಗ ಹೊರಗಿರುವವರು ಎಸೆಯಲು ಹಿಂಜರಿಯುತ್ತಾರೆ. ಇದನ್ನು ತಿದ್ದಬೇಕಾದವರು ಕೋಚ್ ಅಲ್ಲದೆ ಇನ್ನಾರು?

ಹಳೆಯ ಅಂಕಣ | 31 ಮೇ

ಈಗ ನೀವು ಆಟದ ಬಗ್ಗೆ ಮಾತನಾಡುತ್ತಿದ್ದೀರಿ, ಇದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಈ ಋತುವಿನಲ್ಲಿ ಅವರು ಲೀಗ್, ಸಾಮ್ರಾಟರ ಕಪ್ ಎರಡರ ಜೊತೆ ಪೂರ್ವ ಏಷ್ಯಾ ಸೂಪರ್ ಲೀಗನ್ನೂ ಆಡಿದರು, ಅಲ್ಲಿ ಮೂರನೇ ಸ್ಥಾನ ಪಡೆದರು. ದ್ವೀಪದ ತಂಡಕ್ಕೆ ಹೊರಗಿನ ಪ್ರತಿ ಪಂದ್ಯವೂ ವಿಮಾನ ಪ್ರಯಾಣ. ಮೇ ತಿಂಗಳಲ್ಲಿ ಕಾಲು ಸೋತರೆ ಎಸೆತ ಮೊದಲು ತಪ್ಪುವುದು ಹೊರಗಿನಿಂದಲೇ. ಕೋಚ್ ತಿದ್ದಬೇಕಾದದ್ದು ಇದೆ, ಕೋಚ್‌ನನ್ನೇ ತೆಗೆಯಬೇಕಾದದ್ದಿಲ್ಲ.

ಹದಿನಾಲ್ಕನೇ ನಂಬರ್ | 31 ಮೇ

ಹೊರಗಿನಿಂದ ಎಸೆಯುವ ಒಬ್ಬ ಒಳ್ಳೆಯ ಜಪಾನಿ ಆಟಗಾರನನ್ನು ಈ ಬೇಸಿಗೆಯಲ್ಲಿ ಕರೆತಂದರೆ ಸಾಕು. ಇಮಾಮುರಾ ಕೆಯ್ತಾ ಕಳೆದ ವರ್ಷ ನಗೋಯಾಕ್ಕೆ ಹೋದ ಮೇಲೆ ಆ ಜಾಗ ಸರಿಯಾಗಿ ತುಂಬಿಲ್ಲ.

ಮೂರನೇ ಕ್ವಾರ್ಟರ್ | 31 ಮೇ

ಇಮಾಮುರಾ ಹೋದದ್ದಕ್ಕೆ ನನಗೆ ಇನ್ನೂ ಸಂಕಟವಿದೆ. ಆಟಗಾರರ ಒಪ್ಪಂದಗಳ ಸುದ್ದಿ ಜೂನ್‌ನಲ್ಲಿ ಒಂದೊಂದಾಗಿ ಬರುತ್ತದೆ. ಯಾರಿಗೆ ಮೊದಲು ತಿಳಿದರೂ ಇಲ್ಲೇ ಹಾಕಿ.